ಸೌಲನ ಆಣೆ, ಯೋನಾತಾನನ ಜೇನು: ನಾಯಕ ದುಡುಕಿದಾಗ ಜನ ಯಾವಾಗ ಬಾಯಿ ಬಿಡಬೇಕು?

ಭಾನುವಾರದ_ಓದುಗ

ಮುಂದಿನ ವಾರ ನಮ್ಮ ಸಭೆಯ ಯುವಜನರ ಕೂಟದಲ್ಲಿ ಬೈಬಲಿನ 1 ಸಮುವೇಲ ಪುಸ್ತಕದ 14ನೇ ಅಧ್ಯಾಯ ನನ್ನ ಪಾಲಿಗೆ ಬಂದಿದೆ. ಈ ಅಧ್ಯಾಯ ಅಂದ್ರೆ ಎಲ್ಲರೂ ಮೊದಲರ್ಧವನ್ನೇ ಹೇಳುತ್ತಾರೆ. ಇಸ್ರಾಯೇಲಿನ ರಾಜ ಸೌಲನ ಮಗ ಯೋನಾತಾನನೂ ಅವನ ಆಯುಧ ಹೊರುವ ಹುಡುಗನೂ ಅಪ್ಪನಿಗೆ ಹೇಳದೆ ಹೊರಟು, ಕೈಕಾಲು ಊರಿಕೊಂಡು ಬಂಡೆ ಹತ್ತಿ, ಶತ್ರುಗಳಾದ ಫಿಲಿಷ್ಟಿಯರ ಠಾಣೆಯಲ್ಲಿ ಸುಮಾರು 20 ಜನರನ್ನು ಕೆಡವಿದ ಕಥೆ. ಸಂಡೇ ಸ್ಕೂಲಿನಿಂದ ಕೇಳಿ ಕೇಳಿ ಬಾಯಿಪಾಠವಾಗಿದೆ. ನನಗೆ 24ನೇ ವಚನದಿಂದ ಮುಂದಿನದ್ದು ಬೇಕು.

ಗೊತ್ತಿಲ್ಲದವರಿಗೆ ಚುಟುಕಾಗಿ ಹೇಳುತ್ತೇನೆ. ಶತ್ರುದಂಡು ದಿಕ್ಕಾಪಾಲಾಗಿ ಓಡುತ್ತಿದೆ. ಆ ದಿನ ಸೌಲ ರಾಜ ತನ್ನ ಜನರ ಮೇಲೆ ಆಣೆ ಹಾಕುತ್ತಾನೆ. ಸಂಜೆಯ ತನಕ, ನಾನು ಶತ್ರುಗಳಿಗೆ ಮುಯ್ಯಿ ತೀರಿಸುವ ತನಕ, ಯಾವನಾದರೂ ಏನಾದರೂ ತಿಂದರೆ ಅವನಿಗೆ ಶಾಪ ತಗಲಲಿ ಅಂತ. ಕಾಡಿಗೆ ಬಂದರೆ ಜೇನು ಸುರಿಯುತ್ತಿದೆ, ಆದರೆ ಹೆದರಿ ಯಾರೂ ಕೈ ಬಾಯಿಗೆ ತರುವುದಿಲ್ಲ. ಯೋನಾತಾನನಿಗೆ ಈ ಆಣೆಯ ಸುದ್ದಿಯೇ ಗೊತ್ತಿಲ್ಲ. ಕೋಲಿನ ತುದಿಯನ್ನು ಜೇನುತಟ್ಟಿಗೆ ಅದ್ದಿ ನೆಕ್ಕುತ್ತಾನೆ, ಕಣ್ಣಿಗೆ ಕಳೆ ಬರುತ್ತದೆ. ಒಬ್ಬ ಸೈನಿಕ ವಿಷಯ ಹೇಳಿದಾಗ ಅವನು ಅಪ್ಪ ನಾಡಿಗೇ ತೊಂದರೆ ಮಾಡಿದ, ಜನ ಹೊಟ್ಟೆ ತುಂಬ ತಿಂದಿದ್ದರೆ ಗೆಲುವು ಇನ್ನೂ ದೊಡ್ಡದಾಗುತ್ತಿತ್ತು ಅನ್ನುತ್ತಾನೆ. ಸಂಜೆ ಹಸಿದ ಜನ ಕೊಳ್ಳೆಯ ದನ ಕುರಿಗಳನ್ನು ನೆಲದ ಮೇಲೇ ಕಡಿದು, ಧರ್ಮಶಾಸ್ತ್ರ ಬೇಡ ಅಂದ ಹಾಗೆ ರಕ್ತ ಸಮೇತ ತಿನ್ನುತ್ತಾರೆ. ರಾತ್ರಿ ಸೌಲ ದೇವರನ್ನು ಕೇಳಿದರೆ ಉತ್ತರವಿಲ್ಲ. ತಪ್ಪು ಮಾಡಿದವರು ಯಾರು ಅಂತ ಚೀಟಿ ಹಾಕಿದರೆ ಯೋನಾತಾನ ಸಿಗುತ್ತಾನೆ. ನೀನು ಸಾಯಲೇಬೇಕು ಅನ್ನುತ್ತಾನೆ ಅಪ್ಪ. ಆಗ ಜನ ಎದ್ದು ನಿಂತು ಅವನನ್ನು ಬಿಡಿಸುತ್ತಾರೆ.

ನನ್ನ ತಲೆಯಲ್ಲಿ ಕೊರೆಯುತ್ತಿರುವುದು ಇಷ್ಟು. ಇಲ್ಲಿ ರಾಜನಿಗೆ ಎದುರಾಡಿದವರು ಇಬ್ಬರು, ಒಂದು ಯೋನಾತಾನ, ಇನ್ನೊಂದು ಜನ. ಎರಡೂ ಒಂದೇ ಥರದ ಎದುರುಮಾತಾ? ಗೌರವ ಇಟ್ಟುಕೊಂಡೇ ಬೇಡ ಅನ್ನುವುದು ಹೇಗೆ ಅಂತ ಹುಡುಗರಿಗೆ ಹೇಳಬೇಕಾದರೆ ಯಾರನ್ನು ತೋರಿಸಲಿ?

ಹಳೇ_ಸಿಪಾಯಿ

ಫೌಜಿನಲ್ಲಿದ್ದವನು ಹೇಳುತ್ತಿದ್ದೇನೆ. ಬೆನ್ನಟ್ಟುವ ದಿನ ಊಟ ಬಂದ್ ಮಾಡುವ ಕಮಾಂಡರ್ ಅಂದ್ರೆ ಗೆಲುವನ್ನು ಅರ್ಧ ದಾರಿಯಲ್ಲಿ ಬಿಟ್ಟುಬಂದ ಹಾಗೆಯೇ. ಮಿಕ್ಮಾಷಿನಿಂದ ಅಯ್ಯಾಲೋನಿನ ತನಕ ಹೊಡೆದುಕೊಂಡು ಹೋದರು ಅಂತ 31ನೇ ವಚನದಲ್ಲಿದೆ. ಮ್ಯಾಪ್ ತೆಗೆದು ನೋಡಿ. ಮಿಕ್ಮಾಷ್ ಈಗ ಜೆರುಸಲೇಮಿನ ಉತ್ತರಕ್ಕಿರುವ ಮುಖ್ಮಾಸ್ ಅನ್ನುವ ಹಳ್ಳಿ, ಅಯ್ಯಾಲೋನ್ ಪಶ್ಚಿಮದ ಬಯಲು. ನೇರ ಗೆರೆ ಎಳೆದರೂ ಸುಮಾರು 25 ಕಿಲೋಮೀಟರ್, ಗುಡ್ಡ ಹತ್ತಿ ಇಳಿದರೆ ಇನ್ನೂ ಜಾಸ್ತಿ. ಅದೂ ಬರೀ ಹೊಟ್ಟೆಯಲ್ಲಿ, ಕೈಯಲ್ಲಿ ಸರಿಯಾದ ಆಯುಧವೂ ಇಲ್ಲದೆ. ಹಿಂದಿನ ಅಧ್ಯಾಯ ಓದಿ, ಇಸ್ರಾಯೇಲಿನಲ್ಲಿ ಕಮ್ಮಾರನೇ ಇರಲಿಲ್ಲ. ನೇಗಿಲ ಗುಳ ಹರಿತ ಮಾಡಿಸಬೇಕಾದರೂ ಫಿಲಿಷ್ಟಿಯರ ಹತ್ತಿರವೇ ಹೋಗಿ ದುಡ್ಡು ಕೊಡಬೇಕು. ಕತ್ತಿ ಇದ್ದದ್ದು ಸೌಲ, ಯೋನಾತಾನ ಇಬ್ಬರ ಹತ್ತಿರ ಮಾತ್ರ.

ಆದರೆ ಸೌಲನನ್ನು ಮೂರ್ಖ ಅಂತ ತಳ್ಳಿಹಾಕಬೇಡಿ. ಅವನ ಹತ್ತಿರ 3,000 ಆರಿಸಿದ ಜನ ಇದ್ದರು, ಎರಡು ಸಾವಿರ ಅವನ ಜೊತೆ, ಒಂದು ಸಾವಿರ ಮಗನ ಜೊತೆ. ಫಿಲಿಷ್ಟಿಯರು ಬಂದು ಇಳಿದ ಮೇಲೆ ಜನ ಗುಹೆ, ಪೊದೆ, ಬಾವಿಗಳಲ್ಲಿ ಬಚ್ಚಿಟ್ಟುಕೊಂಡರು, ಕೆಲವರು ಯೊರ್ದಾನ್ ದಾಟಿಯೇ ಹೋದರು. ಕೊನೆಗೆ ಉಳಿದವರು 600. ಗಿಲ್ಗಾಲ್ ಅನ್ನುವ ಊರಿನಲ್ಲಿ ಏಳು ದಿನ ಪ್ರವಾದಿ ಸಮುವೇಲನಿಗೆ ಕಾದು, ಜನ ಚದುರುತ್ತಿದ್ದಾರೆ ಅಂತ ಭಯಬಿದ್ದು ತಾನೇ ಯಜ್ಞ ಮಾಡಿ ಬೈಸಿಕೊಂಡದ್ದೂ ಅದೇ ಹೊತ್ತಿಗೆ. ಜನ ಕೈಬಿಟ್ಟು ಹೋಗುತ್ತಾರೆ ಅನ್ನುವ ಹೆದರಿಕೆ ಮೈಗೆ ಹತ್ತಿದ ನಾಯಕ ಹೀಗೇ ಆಣೆ, ಶಾಪ, ದೊಡ್ಡ ದೊಡ್ಡ ಮಾತು ಶುರು ಮಾಡುತ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ, ಹೆಸರು ಬೇಡ.

ಇನ್ನೊಂದು ವಿಷಯ. ಆದೇಶ ಮುಂದಿನ ಸಾಲಿಗೆ ತಲುಪಲೇ ಇಲ್ಲ. ಎಲ್ಲರಿಗಿಂತ ಮುಂದೆ ಹೋಗಿ ಕಾದಾಡಿದವನಿಗೇ ಸುದ್ದಿ ಗೊತ್ತಿಲ್ಲ. ಅದು ಯಾರ ತಪ್ಪು?

ಜೇನು_ಗೂಡು

ನಾನು ಕ್ರೈಸ್ತನಲ್ಲ, ಶಿರಸಿ ಕಡೆಯವನು, ಜೇನು ಸಾಕುತ್ತೇನೆ. ಶೀರ್ಷಿಕೆಯಲ್ಲಿ ಜೇನು ಕಂಡು ಒಳಗೆ ಬಂದೆ.

ಕಣ್ಣಿಗೆ ಕಳೆ ಬಂತು ಅನ್ನುವುದು ಸುಮ್ನೆ ಕಥೆಗೆ ಹಾಕಿದ ಮಾತಲ್ಲ. ಜೇನುತುಪ್ಪದಲ್ಲಿ ನೂರಕ್ಕೆ ಸುಮಾರು 80 ಪಾಲು ಸಕ್ಕರೆ, ಅದರಲ್ಲೂ ಬಹುಪಾಲು ಗ್ಲೂಕೋಸ್, ಫ್ರಕ್ಟೋಸ್. ಹೊಟ್ಟೆಯಲ್ಲಿ ಒಡೆಯುವ ಕೆಲಸ ಅಷ್ಟಾಗಿ ಇಲ್ಲ, ಬೇಗ ರಕ್ತಕ್ಕೆ ಸೇರುತ್ತದೆ. ಓಡಿ ಓಡಿ ಕಣ್ಣು ಮಂಜಾದವನಿಗೆ ಒಂದು ಚಮಚ ಸಾಕು. ನಿಲ್ಲಬೇಕಿಲ್ಲ, ಒಲೆ ಹಚ್ಚಬೇಕಿಲ್ಲ, ಹೋಗುತ್ತಾ ಹೋಗುತ್ತಾ ನೆಕ್ಕಬಹುದು. ಬೆನ್ನಟ್ಟುವವರಿಗೆ ಇದಕ್ಕಿಂತ ಒಳ್ಳೆಯ ಊಟ ಯಾವುದಿದೆ? ಅಂದ್ರೆ ರಾಜ ಬೇಡ ಅಂದದ್ದು ಆ ದಿನದ ಕೆಲಸಕ್ಕೆ ಹೇಳಿ ಮಾಡಿಸಿದ ಆಹಾರವನ್ನೇ.

ಆ ನಾಡಿನಲ್ಲಿ ಜೇನು ಹೊಸದೇನಲ್ಲ. 2007ರಲ್ಲಿ ಇಸ್ರೇಲಿನ ತೆಲ್ ರೆಹೋವ್ ಅನ್ನುವ ಕಡೆ ಅಗೆದಾಗ ಜೇಡಿಮಣ್ಣಿನ ಕೊಳವೆ ಗೂಡುಗಳು ಸಾಲಾಗಿ ಸಿಕ್ಕವು, ಕೆಡದೆ ಉಳಿದವೇ ಸುಮಾರು 30. ಸುಮಾರು ಮೂರು ಸಾವಿರ ವರ್ಷ ಹಳೆಯವು. ಈ ಕಥೆಯದ್ದು ಮಾತ್ರ ಕಾಡುಜೇನು ಅನಿಸುತ್ತದೆ.

ಒಂದು ಪ್ರಶ್ನೆ. ಗೊತ್ತಿಲ್ಲದೆ ತಿಂದವನಿಗೆ ಸಾವಿನ ಶಿಕ್ಷೆಯಾ? ನಿಮ್ಮ ಧರ್ಮಶಾಸ್ತ್ರ ಇದಕ್ಕೆ ಏನನ್ನುತ್ತದೆ?

ಹುಬ್ಬಳ್ಳಿ_ಅಕ್ಕ

ಮೊದಲ ಪ್ರಶ್ನೆಗೆ ನನ್ನ ಉತ್ತರ: ಹುಡುಗರಿಗೆ ಇಲ್ಲಿಯ ಯೋನಾತಾನನನ್ನು ತೋರಿಸಬೇಡಿ.

ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಆದರೆ ಹೇಳಿದ್ದು ಯಾರಿಗೆ? ಅಪ್ಪನಿಗಲ್ಲ, ಸೈನಿಕರಿಗೆ. ರಾಜಕುಮಾರ, ಆ ದಿನದ ಹೀರೋ, ಹಸಿದ ಸಿಪಾಯಿಗಳ ನಡುವೆ ನಿಂತು ನಮ್ಮಪ್ಪ ಕೆಡಿಸಿದ ಅನ್ನುತ್ತಾನೆ. ಸಂಜೆಗೆ ಅದೇ ಜನ ಯಾವ ಕಟ್ಟಳೆಯನ್ನೂ ನೋಡದೆ ಹಸಿ ಮಾಂಸಕ್ಕೆ ಮುಗಿಬಿದ್ದರು. ಇದಕ್ಕೆ ಅವನ ಮಾತೇ ಕಾರಣ ಅಂತ ನಾನು ಹೇಳುವುದಿಲ್ಲ, ಹಸಿವೇ ಮುಖ್ಯ ಕಾರಣ. ಆದರೂ ದೊಡ್ಡವರ ಬಾಯಿಂದ ಬಂದ ಗೊಣಗಾಟ ಕೆಳಗಿನವರ ಕೈಯಲ್ಲಿ ಏನಾಗುತ್ತದೆ ಅಂತ ನಮ್ಮ ಸಭೆಗಳಲ್ಲಿ ನೋಡಿಲ್ಲವಾ? ಆರಾಧನೆ ಮುಗಿದ ಮೇಲೆ ಗೇಟಿನ ಹತ್ತಿರ ನಿಂತು ಅಯ್ಯನವರ (ಪಾಸ್ಟರ್) ಬಗ್ಗೆ, ಕಮಿಟಿ ಬಗ್ಗೆ ಆಡುವ ಮಾತು ಎಂದಾದರೂ ಏನನ್ನಾದರೂ ಸರಿಮಾಡಿದೆಯಾ?

ತೋರಿಸಬೇಕಾದದ್ದು 19ನೇ ಅಧ್ಯಾಯದ ಯೋನಾತಾನನನ್ನು. ಮುಂದೆ ರಾಜನಾಗುವ ದಾವೀದನನ್ನು ಕೊಲ್ಲಬೇಕು ಅಂತ ಸೌಲ ಹೇಳಿದಾಗ ಇವನು ಏನು ಮಾಡಿದ ನೋಡಿ. ಮೊದಲು ದಾವೀದನಿಗೆ ಬಚ್ಚಿಟ್ಟುಕೋ ಅಂದ. ಆಮೇಲೆ ಅಪ್ಪನನ್ನು ಹೊಲದ ಕಡೆ ಕರೆದುಕೊಂಡು ಹೋಗಿ ಒಬ್ಬನೇ ಮಾತಾಡಿದ. ಅರಸನು ತನ್ನ ಸೇವಕನ ಮೇಲೆ ತಪ್ಪು ಮಾಡದಿರಲಿ ಅಂದ. ದಾವೀದ ಜೀವವನ್ನು ಕೈಯಲ್ಲಿ ಹಿಡಿದು ಫಿಲಿಷ್ಟಿಯ ಗೊಲ್ಯಾತನನ್ನು ಕೊಂದ, ನೀನೇ ನೋಡಿ ಸಂತೋಷಪಟ್ಟೆಯಲ್ಲ ಅಂತ ನೆನಪು ಮಾಡಿಕೊಟ್ಟ. ಸೌಲ ಕೇಳಿದ. ಕೊಲ್ಲುವುದಿಲ್ಲ ಅಂತ ಆಣೆಯನ್ನೂ ಇಟ್ಟ.

ನೇರ_ಮಾತು

ಎಲ್ಲರೂ ಒಂದೇ ಕಡೆ ವಾಲುತ್ತಿದ್ದೀರಿ, ಸ್ವಲ್ಪ ಎದುರು ಮಾತಾಡುತ್ತೇನೆ, ಬೇಜಾರು ಬೇಡ.

ಆಣೆ ಆಣೆಯೇ. ಕೀರ್ತನೆ 15ರಲ್ಲಿ ದೇವರ ಗುಡಾರದಲ್ಲಿ ಇರಲು ಯೋಗ್ಯ ಯಾರು ಅಂದ್ರೆ, ನಷ್ಟವಾದರೂ ಪ್ರಮಾಣ ತಪ್ಪದವನು ಅಂತಿದೆ. ಪ್ರಸಂಗಿ 5ರಲ್ಲಿ ಹರಕೆ ಹೊತ್ತು ತೀರಿಸದೇ ಇರುವುದಕ್ಕಿಂತ ಹೊರದೇ ಇರುವುದು ಮೇಲು ಅಂತಿದೆ. ಸೌಲನ ಆಣೆ ದುಡುಕಿನದು, ಒಪ್ಪುತ್ತೇನೆ. ಆದರೆ ದೇವರು ಆ ರಾತ್ರಿ ಯಾಕೆ ಉತ್ತರ ಕೊಡಲಿಲ್ಲ? ಚೀಟಿ ಯಾಕೆ ಯೋನಾತಾನನ ಮೇಲೇ ಬಿತ್ತು? ದೇವರಿಗೆ ಆ ಆಣೆ ಲೆಕ್ಕಕ್ಕೇ ಇಲ್ಲ ಅನ್ನುವುದಾದರೆ ಚೀಟಿ ಯಾರ ಮೇಲೂ ಬೀಳಬಾರದಿತ್ತು.

ಇನ್ನು ಜನರ ಮಾತು. ಮುಂದಿನ ಅಧ್ಯಾಯವನ್ನೇ ಓದಿ. ಅಮಾಲೇಕ್ಯರು ಅನ್ನುವ ಶತ್ರುಗಳ ಕೊಳ್ಳೆಯನ್ನು ದೇವರ ಅಪ್ಪಣೆ ಮೀರಿ ಉಳಿಸಿಕೊಂಡ ಮೇಲೆ ಸೌಲ ಸಮುವೇಲನಿಗೆ ಹೇಳುವ ನೆಪವೇ ಅದು: ನಾನು ಜನರಿಗೆ ಹೆದರಿ ಅವರ ಮಾತು ಕೇಳಿದೆ. ಅಲ್ಲಿ ಜನರ ಮಾತು ಕೇಳಿದ್ದಕ್ಕೆ ರಾಜ್ಯವೇ ಹೋಯಿತು. 14ರಲ್ಲಿ ಜನ ಹೇಳಿದ್ದು ದೈವವಾಣಿ, 15ರಲ್ಲಿ ಹೇಳಿದ್ದು ಪಾಪ, ಇದನ್ನು ನಿರ್ಧರಿಸುವವರು ಯಾರು? ಯುವಕರಿಗೆ ನಾಯಕ ದುಡುಕಿದ, ಎಲ್ಲರೂ ಎದ್ದು ನಿಲ್ಲಿ ಅಂತ ಹೇಳಿಕೊಟ್ಟರೆ ನಾಳೆ ಪ್ರತಿ ವಿಷಯಕ್ಕೂ ಎದ್ದು ನಿಲ್ಲುತ್ತಾರೆ.

ಕಪ್ಪು_ಕಾಫಿ

ನಿಲ್ಲಲಿ ಬಿಡಿ ಅಣ್ಣ. ಕೂತವರೇ ಜಾಸ್ತಿ ಆಗಿದ್ದಾರೆ.

ಕಡಲ_ಬದಿ

ನೇರ_ಮಾತು ಅವರ ಪ್ರಶ್ನೆ ಸುಲಭದ್ದಲ್ಲ, ಹಾರಿಸಿಬಿಡುವುದು ಬೇಡ. ಜೇನು_ಗೂಡು ಅವರ ಪ್ರಶ್ನೆಗೂ ಇಲ್ಲೇ ಉತ್ತರ ಕೊಡುತ್ತೇನೆ. ಉದ್ದವಾಗುತ್ತದೆ.

ಧರ್ಮಶಾಸ್ತ್ರದಲ್ಲಿ ದಾರಿ ಇತ್ತು. ಯಾಜಕಕಾಂಡ 5ನೇ ಅಧ್ಯಾಯದ 4ನೇ ವಚನದಿಂದ ನೋಡಿ. ಒಬ್ಬನು ಯೋಚಿಸದೆ ಬಾಯಿಗೆ ಬಂದಂತೆ ಆಣೆ ಇಟ್ಟು, ಆಮೇಲೆ ತಪ್ಪು ತಿಳಿದರೆ, ಅದನ್ನು ಅರಿಕೆ ಮಾಡಬೇಕು, ಹೆಣ್ಣು ಕುರಿಯನ್ನೋ ಆಡನ್ನೋ ತಂದು ದೋಷ ಪರಿಹಾರ ಮಾಡಿಕೊಳ್ಳಬೇಕು. ಅಷ್ಟೇ. ಆ ರಾತ್ರಿ ಸೌಲನ ಮುಂದೆ ದೊಡ್ಡ ಕಲ್ಲಿತ್ತು, ಅವನೇ ಕಟ್ಟಿದ ಯಜ್ಞವೇದಿ ಇತ್ತು, ಪಕ್ಕದಲ್ಲಿ ಯಾಜಕ ಇದ್ದ, ಸುತ್ತ ಕೊಳ್ಳೆಯ ಕುರಿಗಳು ಬೇಕಾದಷ್ಟಿದ್ದವು. ಬೇಕಾದದ್ದು ಒಂದೇ ಮಾತು, ನಾನು ದುಡುಕಿದೆ ಅಂತ. ಅದನ್ನು ಹೇಳುವ ಬದಲು ಮಗನನ್ನು ಕೊಡಲು ತಯಾರಾದ.

ಆಣೆ ಆಣೆಯೇ ಅನ್ನುವ ಸೌಲ ಬೇರೆಯವರ ಆಣೆಗೆ ಎಷ್ಟು ಬೆಲೆ ಕೊಟ್ಟ ಅಂತಲೂ ನೋಡಬೇಕು. ಯೆಹೋಶುವ 9ರಲ್ಲಿ ಗಿಬ್ಯೋನ್ ಊರಿನವರಾದ ಗಿಬ್ಯೋನ್ಯರು ಹಳೇ ಬಟ್ಟೆ, ಒಣಗಿದ ರೊಟ್ಟಿ ತೋರಿಸಿ ಮೋಸದಿಂದ ಒಪ್ಪಂದ ಮಾಡಿಕೊಂಡರು. ಮೋಸ ಗೊತ್ತಾದ ಮೇಲೂ ಇಸ್ರಾಯೇಲಿನ ಮುಖಂಡರು ಆಣೆ ಉಳಿಸಿಕೊಂಡರು. ಇದು ಕೀರ್ತನೆ 15ರ ಮಾದರಿ, ನಷ್ಟ ತಮಗೇ. ಆ ಗಿಬ್ಯೋನ್ಯರನ್ನು ಕೊಂದವನು ಯಾರು? ಸೌಲ. 2 ಸಮುವೇಲ 21ರಲ್ಲಿದೆ, ಅದರಿಂದ ದಾವೀದನ ಕಾಲದಲ್ಲಿ ಮೂರು ವರ್ಷ ಬರ ಬಂತು. ಬೇರೆಯವರ ಜೀವ ಉಳಿಸಲು ಹಿರಿಯರು ಇಟ್ಟ ಆಣೆಯನ್ನು ಮುರಿದ, ಮಗನ ಜೀವ ತೆಗೆಯುವ ತನ್ನ ಆಣೆಯನ್ನು ಹಿಡಿದು ಕೂತ. ಕೀರ್ತನೆ ಹೇಳುವುದು ತನಗೆ ನಷ್ಟವಾದರೂ ಅಂತ. ನಾನು ಆಣೆ ಇಟ್ಟೆ, ನೀನು ಸಾಯಿ ಅಂತಲ್ಲ.

15ನೇ ಅಧ್ಯಾಯಕ್ಕೆ ಬಂದರೆ, ಅಲ್ಲಿ ಜನ ಕೇಳಿದ್ದು ಕೊಬ್ಬಿದ ದನಗಳನ್ನು, ತಮಗೆ ಲಾಭ. ಅದೂ ಬರೀ ಜನರದ್ದೇ ಕೆಲಸ ಅಲ್ಲ, ಸೌಲನೂ ಜನರೂ ಸೇರಿ ಉಳಿಸಿಕೊಂಡರು ಅಂತ 9ನೇ ವಚನ ಹೇಳುತ್ತದೆ. 14ರಲ್ಲಿ ಜನ ಕೇಳಿದ್ದು ತಪ್ಪಿಲ್ಲದವನ ಪ್ರಾಣ. ಅದರಲ್ಲಿ ಅವರಿಗೆ ನಯಾಪೈಸೆ ಲಾಭವಿಲ್ಲ, ರಾಜನ ಕೋಪ ಮಾತ್ರ ಗ್ಯಾರಂಟಿ. ನಿರ್ಧರಿಸುವವರು ಯಾರು ಅಂದಿರಲ್ಲ, ಕೇಳುವವನಿಗೆ ಏನು ಸಿಗುತ್ತದೆ ಅಂತ ನೋಡಿದರೆ ಅರ್ಧ ಉತ್ತರ ಸಿಗುತ್ತದೆ.

ಹುಬ್ಬಳ್ಳಿ_ಅಕ್ಕ

ಇದೇ ಪುಸ್ತಕದ 25ನೇ ಅಧ್ಯಾಯ ಮರೆಯಬೇಡಿ. ದಾವೀದನೂ ಅಂಥದೇ ಆಣೆ ಇಟ್ಟಿದ್ದ! ನಾಬಾಲ ಅನ್ನುವ ಶ್ರೀಮಂತ ಅವಮಾನ ಮಾಡಿ ಕಳಿಸಿದ್ದಕ್ಕೆ 400 ಜನರಿಗೆ ಕತ್ತಿ ಕಟ್ಟಿಸಿಕೊಂಡು, ಬೆಳಗಾಗುವುದರೊಳಗೆ ಆ ಮನೆಯಲ್ಲಿ ಒಬ್ಬ ಗಂಡಸನ್ನೂ ಉಳಿಸುವುದಿಲ್ಲ ಅಂತ ದೇವರ ಹೆಸರೆತ್ತಿ ಹೊರಟಿದ್ದ. ಕತ್ತೆಗಳ ಮೇಲೆ 200 ರೊಟ್ಟಿ, ಎರಡು ಚರ್ಮದ ಬುದ್ದಲಿ ದ್ರಾಕ್ಷಾರಸ, ಅಡುಗೆಗೆ ಸಿದ್ಧ ಮಾಡಿದ ಐದು ಕುರಿ, ಹುರಿಗಾಳು, ಒಣದ್ರಾಕ್ಷಿ, ಅಂಜೂರದ ಉಂಡೆ ಹೇರಿಕೊಂಡು ನಾಬಾಲನ ಹೆಂಡತಿ ಅಬೀಗೈಲಳು ದಾರಿಗೆ ಅಡ್ಡ ಬಂದಳು. ಮೊದಲು ಊಟ, ಆಮೇಲೆ ಮಾತು. ಹೆಂಗಸರಿಗೆ ಇದು ಗೊತ್ತಿರುತ್ತದೆ, ಸೌಲನಿಗೆ ಗೊತ್ತಿರಲಿಲ್ಲ.

ಅವಳು ಕಾಲಿಗೆ ಬಿದ್ದಳು, ಒಡೆಯನೇ ಅಂದಳು. ಅಷ್ಟು ತಗ್ಗಿ ಮಾತಾಡಿದರೂ ವಿಷಯದಲ್ಲಿ ಒಂದು ಚೂರೂ ತಗ್ಗಲಿಲ್ಲ. ನೀನು ಮುಂದೆ ಇಸ್ರಾಯೇಲಿಗೆ ನಾಯಕನಾದಾಗ ಸುಮ್ನೆ ರಕ್ತ ಸುರಿಸಿದೆನಲ್ಲಾ ಅನ್ನುವ ಸಂಕಟ ನಿನ್ನ ಎದೆಯಲ್ಲಿ ಇರಬಾರದು ಅಂದಳು. ದಾವೀದ ಏನು ಮಾಡಿದ? ಆಣೆ ಇಟ್ಟಿದ್ದೇನೆ, ದಾರಿ ಬಿಡು ಅಂದನಾ? ಇವತ್ತು ನಿನ್ನನ್ನು ಕಳಿಸಿದ ದೇವರಿಗೆ ಸ್ತೋತ್ರ ಅಂತ ವಾಪಸ್ ಹೋದ. ಆಣೆ ಅಲ್ಲೇ ಬಿದ್ದುಹೋಯಿತು. ಅದಕ್ಕೆ ಅವನ ಮೇಲೆ ಯಾವ ಶಾಪವೂ ಬರಲಿಲ್ಲ.

ನೇರ_ಮಾತು ಬ್ರದರ್, ಇದಕ್ಕೇನು ಹೇಳುತ್ತೀರಿ?

ನೇರ_ಮಾತು

ಅಬೀಗೈಲಳ ವಿಷಯದಲ್ಲಿ ನಾನು ಸೋತೆ ಅಕ್ಕ. ಆದರೆ ಚೀಟಿಯ ಪ್ರಶ್ನೆ ಇನ್ನೂ ಇದೆ.

ರಾತ್ರಿ_ಪಾಳಿ

ಚೀಟಿ ಬಗ್ಗೆ ನನ್ನ ಅನಿಸಿಕೆ. ಇದನ್ನು ಯೆಹೋಶುವ 7ರ ಜೊತೆ ಇಟ್ಟು ಓದಬೇಕು. ಅಲ್ಲಿ ಆಯಿ ಊರಿನಲ್ಲಿ ಸೋತಾಗ ಚೀಟಿ ಹಾಕಿ, ಕುಲ, ಗೋತ್ರ, ಮನೆ ಅಂತ ಇಳಿದು ಇಳಿದು ಆಕಾನನನ್ನು ಹಿಡಿದರು. ಅವನು ನಿಜವಾಗಿ ಕದ್ದಿದ್ದ, ಗುಡಾರದ ನೆಲದಲ್ಲಿ ಬೆಳ್ಳಿ ಬಂಗಾರ ಹೂತಿಟ್ಟಿದ್ದ. ಸೌಲ ಅದೇ ಕ್ರಮ ಅನುಸರಿಸುತ್ತಾನೆ, ತಾನೂ ಹಿಂದಿನ ನಾಯಕ ಯೆಹೋಶುವನ ಹಾಗೆ ಕಳ್ಳನನ್ನು ಹಿಡಿಯುತ್ತೇನೆ ಅಂದುಕೊಂಡು. ಚೀಟಿ ಸುಳ್ಳು ಹೇಳಲಿಲ್ಲ. ಯೋನಾತಾನ ಜೇನು ತಿಂದದ್ದು ಸತ್ಯ. ಆದರೆ ತಿಂದವನು ಯಾರು ಅನ್ನುವುದಕ್ಕೆ ಚೀಟಿ ಉತ್ತರ ಕೊಟ್ಟಿತು, ತಪ್ಪು ಯಾರದು ಅನ್ನುವುದಕ್ಕಲ್ಲ. ಎರಡನೇ ಪ್ರಶ್ನೆಯನ್ನು ಸೌಲ ಕೇಳಲೇ ಇಲ್ಲ. ಮೊದಲ ಚೀಟಿಯಲ್ಲಿ ಒಂದು ಕಡೆ ಜನ, ಇನ್ನೊಂದು ಕಡೆ ಸೌಲ ಮತ್ತು ಮಗ. ಜನ ತಪ್ಪಿಸಿಕೊಂಡರು. ಅಷ್ಟರಲ್ಲೇ ಅವನು ನಿಂತು ಯೋಚಿಸಬಹುದಿತ್ತು.

ಕಪ್ಪು_ಕಾಫಿ

ನನಗೆ ಈ ಕಥೆಯಲ್ಲಿ ಮೈ ಉರಿಯುವುದು ಸೌಲನ ಮೇಲಲ್ಲ, ಜನರ ಮೇಲೆ. ಎಲ್ಲರೂ 45ನೇ ವಚನ ಹಿಡಿದು ಜನರನ್ನು ಹೊಗಳುತ್ತೀರಿ. ಅದಕ್ಕೆ ಮುಂಚಿನದ್ದು ಓದಿ. 36ರಲ್ಲಿ ಸೌಲ ರಾತ್ರಿಯೇ ಹೋಗಿ ಕೊಳ್ಳೆ ಹೊಡೆಯೋಣ ಅಂದಾಗ ಜನ ಹೇಳಿದ್ದು ನಿನಗೆ ಸರಿ ಕಂಡದ್ದು ಮಾಡು. 39ರಲ್ಲಿ ಅವನು ತಪ್ಪು ಮಾಡಿದವನು ನನ್ನ ಮಗ ಯೋನಾತಾನನೇ ಆಗಿದ್ದರೂ ಸಾಯಲೇಬೇಕು ಅಂತ ಹೆಸರು ಹಿಡಿದು ಹೇಳಿದಾಗ ಒಬ್ಬನೂ ಉತ್ತರ ಕೊಡಲಿಲ್ಲ. ಜೇನು ತಿಂದದ್ದು ಕೆಲವರಿಗಾದರೂ ಗೊತ್ತಿತ್ತು, ಅವನಿಗೆ ಸುದ್ದಿ ಹೇಳಿದವನೇ ಅವರಲ್ಲಿ ಒಬ್ಬ! 40ರಲ್ಲಿ ಚೀಟಿ ಹಾಕೋಣವಾ ಅಂದಾಗ ಮತ್ತೆ ನಿನಗೆ ಸರಿ ಕಂಡದ್ದು ಮಾಡು. ಬೆಳಿಗ್ಗೆ ಆಣೆ ಹಾಕಿದಾಗಲೂ ಯಾರೂ ಕಮಕ್ ಕಿಮಕ್ ಅಂದಹಾಗಿಲ್ಲ.

ನಮ್ಮ ಕಮಿಟಿ ಮೀಟಿಂಗೂ ಹೀಗೇ ಸ್ವಾಮಿ. ಒಂದು ಸಭೆಯಲ್ಲಿ ದೊಡ್ಡವರೊಬ್ಬರು ಸುಗ್ಗಿ ಹಬ್ಬದ ದಿನ ಮೈಕ್ ಹಿಡಿದು, ಯಾರನ್ನೂ ಕೇಳದೆ, ಬರುವ ಕ್ರಿಸ್ಮಸ್ ಆರಾಧನೆ ಹೊಸ ಕಟ್ಟಡದಲ್ಲೇ, ಇದು ದೇವರ ಮುಂದೆ ನನ್ನ ಮಾತು ಅಂದುಬಿಟ್ಟರು. ಎಲ್ಲರೂ ಆಮೆನ್. ಖಜಾಂಚಿಗೆ ಗೊತ್ತು ದುಡ್ಡಿಲ್ಲ, ಎಂಜಿನಿಯರಿಗೆ ಗೊತ್ತು ಆಗುವುದಿಲ್ಲ. ಆಮೆನ್. ಕೊನೆಗೆ ಅರ್ಧ ಕಟ್ಟಿದ ಗೋಡೆ, ತಲೆ ಮೇಲೆ ಸಾಲ, ಬಲಿಯಾದವರು ಖಜಾಂಚಿ. ಅವರನ್ನು ಬಿಡಿಸಲು 45ನೇ ವಚನದ ಜನ ಬರಲಿಲ್ಲ.

ಭಾನುವಾರದ_ಓದುಗ

ಕಪ್ಪು_ಕಾಫಿ, ಈ ಮಾತು ನನಗೆ ಬೇಕಿತ್ತು. ಮೂರು ಸಲ ಬಾಯಿ ಮುಚ್ಚಿಕೊಂಡ ಅದೇ ಜನ ನಾಲ್ಕನೇ ಸಲ ಬಾಯಿ ಬಿಟ್ಟರು. ಹುಡುಗರಿಗೆ ಹೇಳಬೇಕಾದ ಪಾಠ ಆ ಮೂರರಲ್ಲೂ ಇದೆ. 39ರಲ್ಲೇ ಯಾರಾದರೂ ಮಾತಾಡಿದ್ದರೆ ಯೋನಾತಾನ ಸಾವಿನ ಬಾಯಿಗೆ ಹೋಗುತ್ತಲೇ ಇರಲಿಲ್ಲ.

ಆದರೂ ಆ ನಾಲ್ಕನೇ ಸಲದ ಮಾತನ್ನು ಬಿಡಿಸಿ ನೋಡಿದೆ, ಎಷ್ಟು ಚೆನ್ನಾಗಿದೆ ಗೊತ್ತಾ. ಪ್ರಶ್ನೆಯಿಂದ ಶುರು ಮಾಡುತ್ತಾರೆ, ಇಸ್ರಾಯೇಲಿಗೆ ಇಷ್ಟು ದೊಡ್ಡ ಜಯ ತಂದ ಯೋನಾತಾನ ಸಾಯಬೇಕಾ? ರಾಜ ಮರೆತಿರುವ ಬೆಳಗಿನ ವಿಷಯವನ್ನು ಎದುರಿಗೆ ತಂದು ಇಡುತ್ತಾರೆ. ಆಮೇಲೆ ಎಂದಿಗೂ ಆಗದು ಅಂತ ಮುಚ್ಚುಮರೆ ಇಲ್ಲದೆ ಹೇಳುತ್ತಾರೆ. ಸೌಲ ಯೆಹೋವನ ಜೀವದಾಣೆ ಅಂದಿದ್ದ, ಇವರೂ ಯೆಹೋವನ ಜೀವದಾಣೆ ಅನ್ನುತ್ತಾರೆ, ಅವನ ತಲೆಯ ಒಂದು ಕೂದಲೂ ನೆಲಕ್ಕೆ ಬೀಳಬಾರದು. ಅಂದ್ರೆ ರಾಜನ ಆಣೆಗೆ ಸರಿಸಮ ತೂಕದ ಆಣೆ. ಕಾರಣ ಕೊಡುವಾಗಲೂ ತಮಗೆ ಅವನು ಇಷ್ಟ ಅಂತಲ್ಲ, ಇವತ್ತು ಅವನು ದೇವರ ಜೊತೆ ಸೇರಿ ಕೆಲಸ ಮಾಡಿದ್ದಾನೆ ಅಂತ. ರಾಜನ ಮೇಲೆ ಒಂದು ಬೈಗುಳ ಇಲ್ಲ. ನೀನು ಹುಚ್ಚ, ಇಳಿ ಕೆಳಗೆ ಅನ್ನಲಿಲ್ಲ. ಅವನು ರಾಜನಾಗಿಯೇ ಉಳಿದ, ಯೋನಾತಾನನೂ ಉಳಿದ.

ಹಳೇ_ಸಿಪಾಯಿ

ಸರಿ, ಆದರೆ ಸೌಲ ಏನು ಕಲಿತ? 22ನೇ ಅಧ್ಯಾಯಕ್ಕೆ ಹೋಗಿ. ನೋಬ್ ಊರಿನ ಯಾಜಕ ಅಹೀಮೆಲೆಕ ದಾವೀದನಿಗೆ ರೊಟ್ಟಿ, ಕತ್ತಿ ಕೊಟ್ಟ ಅಂತ ಸುದ್ದಿ. ಸೌಲ ಕಾವಲಿನವರಿಗೆ ಯಾಜಕರನ್ನು ಕೊಲ್ಲಿ ಅಂದ. ಅವರು ಕೈ ಎತ್ತಲಿಲ್ಲ. ಒಳ್ಳೆಯದೇ. ಆದರೆ ಬಾಯಿಯನ್ನೂ ತೆರೆಯಲಿಲ್ಲ, ಅಡ್ಡವೂ ನಿಲ್ಲಲಿಲ್ಲ. ಎದೋಮ್ಯನಾದ ದೋಯೇಗ ಮುಂದೆ ಬಂದ, ಒಂದೇ ದಿನ 85 ಯಾಜಕರು ಹೋದರು, ಊರಿಗೆ ಊರೇ ಹೋಯಿತು. 14ರಲ್ಲಿ ಜನ ಒಟ್ಟಾಗಿ ಎದುರು ನಿಂತು ಮಾತಾಡಿದ್ದಕ್ಕೆ ಒಂದು ಜೀವ ಉಳಿಯಿತು. 22ರಲ್ಲಿ ನಾವು ಮಾಡುವುದಿಲ್ಲ ಅಂತ ತಮ್ಮ ಕೈ ಮಾತ್ರ ತೊಳೆದುಕೊಂಡರು. ಇದನ್ನು ಹುಡುಗರಿಗೆ ಖಂಡಿತ ಹೇಳಿ.

ನಮ್ಮ ಸೈನ್ಯದ ಕಾಯ್ದೆಯಲ್ಲೂ, 1950ರ ಆರ್ಮಿ ಆಕ್ಟ್, ಅವಿಧೇಯತೆ ಅಪರಾಧ ಅನ್ನುವಾಗ ಕಾನೂನುಬದ್ಧ ಆದೇಶ ಅಂತಲೇ ಬರೆದಿದ್ದಾರೆ. ಅಂದ್ರೆ ಮೇಲಿನವರು ಹೇಳಿದ್ದೆಲ್ಲ ಆದೇಶ ಅಲ್ಲ. ಸಿಪಾಯಿಗೆ ಈ ವ್ಯತ್ಯಾಸ ತಿಳಿದಿರಬೇಕು, ಆದರೆ ಬಾಯಿ ಮಾತಿನಷ್ಟು ಸುಲಭವಲ್ಲ.

ರಾತ್ರಿ_ಪಾಳಿ

ಗೌರವದಿಂದ ಹೇಳಿದರೂ ಕೇಳದೇ ಹೋದರೆ ಏನು ಮಾಡುವುದು ಅನ್ನುವುದಕ್ಕೆ ದಾವೀದನ ಸೇನಾಪತಿ ಯೋವಾಬ ಇದ್ದಾನೆ. 2 ಸಮುವೇಲ 24, ದಾವೀದ ಜನಗಣತಿ ಮಾಡು ಅನ್ನುತ್ತಾನೆ. ಯೋವಾಬ ಒಳ್ಳೆಯವನೇನಲ್ಲ, ಕೈಗೆ ರಕ್ತ ಮೆತ್ತಿದವನು. ಅವನೇ ದೇವರು ಜನರನ್ನು ನೂರು ಪಾಲು ಹೆಚ್ಚಿಸಲಿ, ಒಡೆಯನ ಕಣ್ಣು ಅದನ್ನು ನೋಡಲಿ, ಆದರೆ ಇದರಲ್ಲಿ ಯಾಕೆ ಆಸೆ ಅಂತ ಕೇಳಿದ. ಇದಕ್ಕಿಂತ ಮರ್ಯಾದೆಯಾಗಿ ಯಾರೂ ಬೇಡ ಅನ್ನಲಾರರು. ರಾಜನ ಮಾತೇ ಗೆದ್ದಿತು. ಇವನು ಒಂಬತ್ತು ತಿಂಗಳು 20 ದಿನ ಊರೂರು ತಿರುಗಿ ಎಣಿಸಿದ, ಆಮೇಲೆ ಬಂದ ವ್ಯಾಧಿಯಲ್ಲಿ 70,000 ಜನ ಸತ್ತರು. 1 ಪೂರ್ವಕಾಲವೃತ್ತಾಂತ 21ರಲ್ಲಿ ಮಾತ್ರ ಒಂದು ವಿಷಯ ಸೇರಿಸಿದ್ದಾರೆ, ಅರಸನ ಮಾತು ಯೋವಾಬನಿಗೆ ಅಸಹ್ಯವಾಗಿದ್ದರಿಂದ ಅವನು ಲೇವಿ, ಬೆನ್ಯಾಮೀನ್ ಕುಲಗಳನ್ನು ಎಣಿಸಲಿಲ್ಲ. ಹೇಳಿದ, ಕೇಳಲಿಲ್ಲ, ಅರ್ಧ ಮನಸ್ಸಿನಿಂದ ಮಾಡಿದ. ನಮ್ಮಲ್ಲಿ ಬಹಳ ಜನರ ನೌಕರಿ ಹೀಗೇ ನಡೆಯುತ್ತಿದೆ, ನನ್ನದೂ ಸೇರಿ.

ನೇರ_ಮಾತು

ಯೋನಾತಾನನ ಕಥೆಯೂ ಅಷ್ಟೇ ಅಲ್ವಾ? ಅಕ್ಕ ಹೇಳಿದ 19ರಲ್ಲಿ ಅಪ್ಪ ಕೇಳಿದ. 20ರಲ್ಲಿ ಅದೇ ಮಗ ದಾವೀದ ಯಾಕೆ ಸಾಯಬೇಕು, ಏನು ಮಾಡಿದ ಅಂತ ಕೇಳಿದಾಗ ಅಪ್ಪ ಈಟಿ ಎಸೆದ. ಆದರೂ ಯೋನಾತಾನ ಅಪ್ಪನನ್ನು ಬಿಟ್ಟು ಹೋಗಲಿಲ್ಲ. ಗಿಲ್ಬೋವ ಬೆಟ್ಟದ ಯುದ್ಧದಲ್ಲಿ ಅವನ ಜೊತೆಯಲ್ಲೇ ಸತ್ತ. ನಿಷ್ಠೆಯೂ ಬೇಕು ಅನ್ನುವುದನ್ನು ಬಿಡಬೇಡಿ ಅಂತ ನನ್ನ ವಿನಂತಿ. ಬರೀ ಎದುರುಮಾತು ಕಲಿಸಿದರೆ ಪಾಠ ಅರ್ಧ.

ಹುಬ್ಬಳ್ಳಿ_ಅಕ್ಕ

ಇದು ಒಪ್ಪಿದೆ ಬ್ರದರ್.

ಓದುಗ ತಮ್ಮಾ, ನಿನ್ನ ಕೂಟದಲ್ಲಿ ಹೆಣ್ಣುಮಕ್ಕಳೂ ಇರುತ್ತಾರಲ್ಲ, ನ್ಯಾಯಸ್ಥಾಪಕರು 11 ಸೇರಿಸು. ಗಿಲ್ಯಾದಿನ ನಾಯಕ ಯೆಪ್ತಾಹ, ಯುದ್ಧ ಗೆದ್ದು ಬಂದರೆ ಮನೆಯಿಂದ ಮೊದಲು ಎದುರು ಬಂದದ್ದನ್ನು ದೇವರಿಗೆ ಕೊಡುತ್ತೇನೆ ಅಂತ ಹರಕೆ ಹೊತ್ತ, ಬಂದವಳು ಒಬ್ಬಳೇ ಮಗಳು, ದಮ್ಮಡಿ ಬಡಿಯುತ್ತಾ ಕುಣಿಯುತ್ತಾ. ಅವನು ಬಟ್ಟೆ ಹರಿದುಕೊಂಡು ಅಯ್ಯೋ ಮಗಳೇ, ನೀನು ನನ್ನನ್ನು ಕುಗ್ಗಿಸಿದೆ ಅನ್ನುತ್ತಾನೆ, ತಪ್ಪು ಅವಳದೇ ಅನ್ನುವ ಹಾಗೆ. ಅವಳು ಎರಡು ತಿಂಗಳು ಬಿಡುವು ಕೇಳಿ ಗೆಳತಿಯರ ಜೊತೆ ಬೆಟ್ಟದಲ್ಲಿ ಅತ್ತಳು. ಎರಡು ತಿಂಗಳು! ಗಿಲ್ಯಾದಿನ ಹಿರಿಯರು ಅಷ್ಟು ದಿನ ಎಲ್ಲಿದ್ದರು? ಅವನನ್ನು ಹುಡುಕಿಕೊಂಡು ಹೋಗಿ ನಾಯಕನನ್ನಾಗಿ ಮಾಡಿದ್ದು ಅವರೇ. ಹೋಗಿ ಬೇಡ ಅನ್ನಲಿಕ್ಕೆ ಎರಡು ತಿಂಗಳಲ್ಲಿ ಒಬ್ಬರಿಗೂ ಪುರಸೊತ್ತು ಸಿಗಲಿಲ್ಲವಾ? ಆಮೇಲೆ ವರ್ಷಕ್ಕೆ ನಾಲ್ಕು ದಿನ ಅವಳಿಗಾಗಿ ಅತ್ತವರು ಹೆಣ್ಣುಮಕ್ಕಳು ಮಾತ್ರ. ಯೋನಾತಾನನಿಗೆ ಸಿಕ್ಕ ಜನ ಇವಳಿಗೆ ಸಿಗಲಿಲ್ಲ. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿಸು, ಆಮೇಲೆ ನೀನು ಜಾಸ್ತಿ ಮಾತಾಡಬೇಡ.

ಜೇನು_ಗೂಡು

ಉತ್ತರ ಸಿಕ್ಕಿತು, ಧನ್ಯವಾದ. ಒಂದು ಕುರಿ ಸಾಕಿತ್ತು ಅಂತ ಕೇಳಿ ಆ ರಾಜನ ಮೇಲೆ ಇನ್ನೂ ಸಿಟ್ಟು ಬಂತು. ಇನ್ನೊಂದು ಕೇಳುತ್ತೇನೆ. ಬೆಳಿಗ್ಗೆಯಿಂದ ರಾತ್ರಿಯವರೆಗೆ ಅಷ್ಟು ಜನರಲ್ಲಿ ಸರಿಯಾದ ಹೊತ್ತಿಗೆ ಸರಿಯಾಗಿ ಮಾತಾಡಿದವರು ಒಬ್ಬರೂ ಇಲ್ಲವಾ?

ಕಡಲ_ಬದಿ

ಒಬ್ಬ ಇದ್ದಾನೆ, ಯಾರೂ ಗಮನಿಸುವುದಿಲ್ಲ. 36ರಲ್ಲಿ ಜನರೆಲ್ಲ ನಿನಗೆ ಸರಿ ಕಂಡದ್ದು ಮಾಡು ಅಂದಮೇಲೆ ಯಾಜಕ ಒಂದೇ ವಾಕ್ಯ ಹೇಳುತ್ತಾನೆ, ಇಲ್ಲಿ ದೇವರ ಸನ್ನಿಧಿಗೆ ಹೋಗೋಣ ಅಂತ. ಬೇಡ ಅನ್ನಲಿಲ್ಲ, ವಾದ ಮಾಡಲಿಲ್ಲ, ಮೊದಲು ಕೇಳೋಣ ಅಂದ ಅಷ್ಟೇ. ಅದರಿಂದ ರಾತ್ರಿ ದಾಳಿ ನಿಂತಿತು. ಬಳಲಿದ ಜನ ಕತ್ತಲಲ್ಲಿ ಹೋಗಿದ್ದರೆ ಏನಾಗುತ್ತಿತ್ತೋ. ಅದೇ ಬೆಳಿಗ್ಗೆ ಯಾಜಕ ದೇವರನ್ನು ವಿಚಾರಿಸುತ್ತಿದ್ದಾಗ ಸೌಲ ಗದ್ದಲ ಕೇಳಿ, ನಿನ್ನ ಕೈ ಹಿಂದಕ್ಕೆ ತೆಗೆ ಅಂತ ನಿಲ್ಲಿಸಿದ್ದ, 19ನೇ ವಚನ. ಹಾಗೆ ನಿಲ್ಲಿಸಿದ ದಿನವೇ ಸಂಜೆ ಯಾಜಕ ಮತ್ತೆ ಬಾಯಿ ಬಿಟ್ಟ. 3ನೇ ವಚನದಲ್ಲಿ ಎಫೋದು, ಅಂದ್ರೆ ಯಾಜಕರ ಉಡುಪು, ಧರಿಸಿದವನು ಅಹೀತೂಬನ ಮಗ ಅಹೀಯ ಅಂತಿದೆ, ಹಾಗಾಗಿ ಸಂಜೆ ಮಾತಾಡಿದವನೂ ಅವನೇ ಇರಬೇಕು. ನೋಬಿನಲ್ಲಿ ಸತ್ತ ಅಹೀಮೆಲೆಕನೂ ಅಹೀತೂಬನ ಮಗನೇ. ಇಬ್ಬರೂ ಅಣ್ಣತಮ್ಮಂದಿರೋ, ಒಬ್ಬನೇ ವ್ಯಕ್ತಿಗೆ ಎರಡು ಹೆಸರೋ ಅಂತ ವಿದ್ವಾಂಸರಲ್ಲಿ ಚರ್ಚೆ ಇದೆ.

ಭಾನುವಾರದ_ಓದುಗ

ಹಾಗಾದರೆ ಬಂಡೆ ಹತ್ತಿದ ಕಥೆ ಪೂರ್ತಿ ಬಿಡುತ್ತೇನೆ, ಅದು ಎಲ್ಲರಿಗೂ ಗೊತ್ತು. 36ರಿಂದ 45ರ ತನಕ ಹುಡುಗರಿಂದಲೇ ಪಾತ್ರ ಹಂಚಿ ಓದಿಸುತ್ತೇನೆ, ಯಾಜಕನ ಸಾಲು ಕೊಡುವುದಕ್ಕೆ ಕೂಟದಲ್ಲಿ ಎಂದೂ ಮಾತಾಡದ ಒಬ್ಬನನ್ನು ನೋಡಿಟ್ಟಿದ್ದೇನೆ. 39ರಲ್ಲಿ ನಿಲ್ಲಿಸಿ, ನೀವು ಅಲ್ಲಿದ್ದರೆ ಏನು ಹೇಳುತ್ತಿದ್ದಿರಿ ಅಂತ ಚೀಟಿಯಲ್ಲಿ ಬರೆಸುತ್ತೇನೆ. ಯೆಪ್ತಾಹನ ಮಗಳದ್ದು ಅದರ ಮುಂದಿನ ವಾರಕ್ಕೆ, ಒಂದೇ ದಿನ ಎರಡೂ ಹಿಡಿಯುವುದಿಲ್ಲ. ಅಕ್ಕ, ಆ ವಾರ ನೀವೇ ಬಂದು ನಡೆಸಿಕೊಡುತ್ತೀರಾ? ಹುಬ್ಬಳ್ಳಿಯಿಂದ ಬರುವುದು ದೂರ ಅಂದ್ರೆ ವಿಡಿಯೋ ಕಾಲ್ ಆದರೂ ಆಗಬಹುದು.

ಹುಬ್ಬಳ್ಳಿ_ಅಕ್ಕ

ವಿಡಿಯೋ ಕಾಲೇ ಇರಲಿ ತಮ್ಮಾ. ಆದರೆ ನಿಮ್ಮ ಅಯ್ಯನವರನ್ನು ಮೊದಲು ಕೇಳಿ ಹೇಳು.